ಗುಳೆ ಹೋದವರು ಮರಳಿದ್ರೆ ಕೇಳಬೇಕಾದ್ದು ಲಸಿಕೆ ಕಾರ್ಡು

ಯಾದಗಿರಿ: ಮುಂಗಾರು ಹತ್ತಿರ ಬಂದ್ರೆ ಶಹಾಪುರ, ಸುರಪುರ ಬಸ್ ನಿಲ್ದಾಣಗಳಲ್ಲಿ ಗಂಟು-ಮೂಟೆ, ಮಕ್ಕಳ ಸಮೇತ ಇಳಿಯುವವರು ಹೆಚ್ಚಾಗ್ತಾರೆ. ಬೆಂಗಳೂರು, ಮುಂಬೈ, ಪುಣೆ ಕಡೆ ದುಡಿಯಾಕ ಹೋದವರು ಬಿತ್ತನೆಗೆ ಊರಿಗೆ ಮರಳುವ ಹೊತ್ತು. ಕಿರಾಣಿ ಅಂಗಡಿಗಳಲ್ಲಿ ಹಳೆ ಉದ್ರಿ ಚುಕ್ತಾ ಆಗೋದೂ ಆಗಲೇ. ಅವರ ಹಿಂದೆಯೇ ಒಂದು ಪ್ರಶ್ನೆಯೂ ಬರುತ್ತದೆ: ಜೊತೆಗೆ ರೋಗ ಬಂದಿದ್ರೆ ಗೊತ್ತು ಮಾಡಿಕೊಳ್ಳೋದು ಹೇಗೆ?

2020ರ ಪಾಠ

ಕೊರೊನಾ ಕಾಲದಲ್ಲಿ ಜಿಲ್ಲೆ ಬಹಳ ದಿನ ಹಸಿರು ವಲಯದಲ್ಲೇ ಇತ್ತು. 2020ರ ಮೇ 12ರಂದು ಅಹಮದಾಬಾದ್‌ನಿಂದ ಸುರಪುರಕ್ಕೆ ಬಂದಿದ್ದ ಇಬ್ಬರಲ್ಲಿ ಮೊದಲು ಸೋಂಕು ಕಂಡಿತು. ಮೇ 23ಕ್ಕೆ ರಾಜ್ಯದಲ್ಲಿ ಒಂದೇ ದಿನ ಬಂದ 216 ಪ್ರಕರಣಗಳಲ್ಲಿ 72 ಯಾದಗಿರಿ ಜಿಲ್ಲೆಯವೇ. ಹೆಚ್ಚಿನವರು ಮಹಾರಾಷ್ಟ್ರದಿಂದ ಬಂದ ಕೂಲಿ ಕಾರ್ಮಿಕರು, ಅವರ ಮಕ್ಕಳು.

ಆ ಅಂಕಿ ನೋಡಿ ಪೇಟೆಯಲ್ಲಿ ಭಯ ಹುಟ್ಟಿತು. 'ಬಾಂಬೆಯಿಂದ ಬಂದವರು' ಅನ್ನೋದೇ ಬೈಗುಳ ಆಯ್ತು. ಆದರೆ ಲೆಕ್ಕವನ್ನು ಇನ್ನೊಂದು ಬಗೆಯಲ್ಲೂ ಓದಬಹುದು. ಇವರಲ್ಲಿ ಬಹುತೇಕರು ಸಿಕ್ಕಿದ್ದು ಶಾಲೆ, ಹಾಸ್ಟೆಲ್‌ಗಳಲ್ಲಿದ್ದ ಕ್ವಾರಂಟೈನ್ ಕೇಂದ್ರಗಳಲ್ಲಿ. ಹುಡುಕಿದ್ದಕ್ಕೇ ಸೋಂಕು ಸಿಕ್ಕಿತು. ಹುಡುಕದಿದ್ರೆ ಅಂಕಿ ಕಡಿಮೆ ಇರ್ತಿತ್ತು, ರೋಗ ಕಡಿಮೆ ಇರ್ತಿರಲಿಲ್ಲ.

ಕೊರತೆ ಇದ್ದದ್ದು ಬೇರೆ ಕಡೆ. ಮಾದರಿಗಳು ಹೊರ ಜಿಲ್ಲೆಯ ಲ್ಯಾಬಿಗೆ ಹೋಗಿ ವರದಿ ಬರೋದಕ್ಕೆ ಸಮಯ ಹಿಡಿಯುತ್ತಿತ್ತು. ಅಷ್ಟರಲ್ಲಿ ಒಂದೇ ಕೋಣೆಯಲ್ಲಿ ಹತ್ತಾರು ಮಂದಿ ಕೂಡಿ ಇದ್ದರು. ಊರ ದಾರಿಗೆ ಮುಳ್ಳು ಹಚ್ಚಿದ್ರೆ ಮಂದಿ ಹಿಂದಿನ ದಾರಿಯಿಂದ ಬರ್ತಾರೆ, ಎಲ್ಲಿಂದ ಬಂದಿದ್ದೇವೆ ಅನ್ನೋದನ್ನು ಮುಚ್ಚಿಡ್ತಾರೆ. ಆಗ ಯಾವ ತಪಾಸಣೆಯೂ ಕೆಲಸ ಮಾಡಲ್ಲ.

ಈಗಿನ ಚಿಂತೆ ದಡಾರ

ಕೊರೊನಾ ಗದ್ದಲ ಮುಗಿದ ಮೇಲೆ ಮರಳಿ ಬರುವವರ ಮೇಲಿನ ನಿಗಾ ತಣ್ಣಗಾಯಿತು. ಆದರೆ ವೈರಸ್ ಅಂದ್ರೆ ಕೊರೊನಾ ಒಂದೇ ಅಲ್ಲ. 2022ರ ಕೊನೆಗೆ ಮುಂಬೈನ ಗೋವಂಡಿ ಸುತ್ತಲಿನ ಬಸ್ತಿಗಳಲ್ಲಿ ದಡಾರ ಹರಡಿ ಮಕ್ಕಳು ಸತ್ತರು. ನಮ್ಮ ತಾಲೂಕುಗಳ ಕೂಲಿಯವರು ದುಡಿಯಾಕ ಹೋಗೋದು ಅದೇ ಮುಂಬೈಗೆ.

ದಡಾರಕ್ಕೆ ಎರಡು ಡೋಸ್: ಒಂದು 9 ತಿಂಗಳು ತುಂಬಿದ ಮೇಲೆ, ಇನ್ನೊಂದು 16ರಿಂದ 24 ತಿಂಗಳೊಳಗೆ. ಡೋಸಿನ ದಿನ ಕೂಸು ಶೆಡ್ಡಿನಲ್ಲಿದ್ರೆ ಇಲ್ಲಿನ ಆಶಾ ಕಾರ್ಯಕರ್ತೆಗೆ ಅದು ಊರಲ್ಲಿಲ್ಲ, ಅಲ್ಲಿನವರಿಗೆ ಅದು ತಮ್ಮ ಊರಿನದ್ದಲ್ಲ. ಹೀಗೆ ಎರಡೂ ಪಟ್ಟಿಯಿಂದ ಜಾರಿದ ಮಕ್ಕಳು ಒಂದೇ ತಾಂಡಾ, ಒಂದೇ ಓಣಿಯಲ್ಲಿ ಕೂಡಿದ್ರೆ ಸಾಕು. ಲಸಿಕೆ ಇಲ್ಲದ ಮಂದಿಯ ನಡುವೆ ಒಂದು ಪ್ರಕರಣದಿಂದ 12ರಿಂದ 18 ಜನಕ್ಕೆ ದಡಾರ ಹರಡಬಲ್ಲದು. ಗುಳ್ಳೆ ಏಳುವ 4 ದಿನ ಮೊದಲೇ ಅಂಟುತ್ತದೆ. ಅದನ್ನು ತಡೆಯಬೇಕಾದ್ರೆ 100ರಲ್ಲಿ 95 ಮಕ್ಕಳಿಗೆ ಎರಡೂ ಡೋಸ್ ಆಗಿರಬೇಕು.

ಅಂಗಡಿಯವರ ಪಾಲು

ಸರ್ಕಾರಿ ವ್ಯವಸ್ಥೆ ಇಲ್ಲ ಅಂತಲ್ಲ. ಜ್ವರದ ಜೊತೆ ಗುಳ್ಳೆ ಕಂಡ ಪ್ರತಿ ಪ್ರಕರಣ ವರದಿಯಾಗಬೇಕು, ರಕ್ತದ ಮಾದರಿ ಹೋಗಬೇಕು. ಆದರೆ ಮಗುವಿಗೆ ಜ್ವರ ಬಂದ್ರೆ ಕೂಲಿಯವರು ಮೊದಲು ಹೋಗೋದು ಮೆಡಿಕಲ್ ಶಾಪಿಗೆ. ಗುಳ್ಳೆ ಎದ್ರೆ 'ಅಮ್ಮ ಬಂದಾಳ' ಅಂತ ಬೇವಿನ ತಪ್ಪಲು ಕಟ್ಟಿ ಮನೆಯಲ್ಲೇ ಇಟ್ಟುಕೊಳ್ತಾರೆ. ಎರಡೂ ಕಡೆ ಲೆಕ್ಕ ತಪ್ಪುತ್ತದೆ.

ಯಾರ ಮನೆಯವರು ಮರಳಿದ್ರು ಅನ್ನೋದು ಆರೋಗ್ಯ ಇಲಾಖೆಗಿಂತ ಮೊದಲು ಕಿರಾಣಿ ಅಂಗಡಿಗೆ ಗೊತ್ತಿರುತ್ತದೆ. ಆ ಮಾತು ಆಶಾ ಕಾರ್ಯಕರ್ತೆಯ ಕಿವಿಗೆ ಬಿದ್ರೆ ಒಂದು ವಾರದೊಳಗೆ ಮಕ್ಕಳ ತಾಯಿ ಕಾರ್ಡ್ ನೋಡಬಹುದು, ತಪ್ಪಿದ ಡೋಸ್ ಹಾಕಬಹುದು. ಲಸಿಕೆ ಪುಕ್ಕಟೆ. ಊರು ಬಿಟ್ಟು ಹೋಗುವಾಗ ಕಾರ್ಡು ಗಂಟಿನಲ್ಲಿ ಇಟ್ಟುಕೊಂಡ್ರೆ ಹೋದ ಊರಲ್ಲೂ ಹಾಕಿಸಬಹುದು.

ಈ ಮಂದಿ ಊರಿಗೆ ಹೊರಗಿನವರಲ್ಲ. ಅವರು ತರುವ ದುಡ್ಡಿನಿಂದಲೇ ಬೀಜ, ಗೊಬ್ಬರ, ಬಟ್ಟೆ ಅಂಗಡಿಗಳ ಮೇ-ಜೂನ್ ವ್ಯಾಪಾರ ನಡೆಯುತ್ತದೆ. 'ಎಲ್ಲಿಂದ ಬಂದ್ರಿ?' ಅಂತ ದೂರ ನಿಂತು ಕೇಳಿದ್ರೆ ಅವರು ಮುಚ್ಚಿಡ್ತಾರೆ. 'ಕೂಸಿಗೆ ಸೂಜಿ ಆಗ್ಯಾವೇನು?' ಅಂತ ಕೇಳಿದ್ರೆ ಕಾರ್ಡು ತೆಗೆದು ತೋರಿಸ್ತಾರೆ.