ಒಳಗ ಯಾರದಾರ, ಮೊದಲು ನೋಡ್ರಿ

ಇಳಕಲ್ಲಿನಿಂದ ಬಾದಾಮಿಯವರೆಗೆ ಎಲ್ಲಿ ಹೋದರೂ ಒಂದೇ ಮದ್ದು ನಡೆದಿದೆ. 'ಫೈಲ್ ಲಾಕ್ ಆಗೇತ್ರಿ' ಅಂತ ಫೋನ್ ಮಾಡಿದರೆ, ಸಾಫ್ಟ್‌ವೇರ್ ಮಾರಿದವನು ಬಾಗಲಕೋಟೆಯಲ್ಲಿ ಕೂತುಕೊಂಡೇ 'ಮೇನ್ ಕಂಪ್ಯೂಟರ್ ಬಂದ್ ಮಾಡಿ ಚಾಲೂ ಮಾಡ್ರಿ' ಅಂತಾನ. ಈ ಮದ್ದಿನಿಂದಲೇ ಲೆಕ್ಕದ ಫೈಲುಗಳು ಸಾಯುತ್ತಿವೆ ಅಂತ ನನ್ನ ತಕರಾರು.

ಲಾಕ್ ಅನ್ನೋದನ್ನೇ ರೋಗ ಅಂತ ತಿಳಿದಿದ್ದೇವೆ. ಇಳಕಲ್, ಹುನಗುಂದದ ಸೀರೆ ಅಂಗಡಿ, ಗ್ರಾನೈಟ್ ಆಫೀಸುಗಳಲ್ಲಿ ನಾನು ಕಂಡ ಲೆಕ್ಕದ ಪ್ರೋಗ್ರಾಂಗಳು ಹೆಚ್ಚಾಗಿ ಮೈಕ್ರೋಸಾಫ್ಟ್ ಆಕ್ಸೆಸ್ ಮೇಲೆ ಕಟ್ಟಿದವು. ಫೈಲು ಒಂದು ಕಂಪ್ಯೂಟರಿನಲ್ಲಿ, ಬರೆಯುವವರು ಮೂರು ಕಡೆ. ಯಾರಾದರೂ ತೆರೆದ ಕೂಡಲೇ ಪಕ್ಕದಲ್ಲಿ ಸಣ್ಣದೊಂದು ಫೈಲು ಹುಟ್ಟುತ್ತದೆ. ಹಳೇ ನಮೂನೆಯಾದರೆ ಅದರ ಬಾಲ .ಎಲ್‌ಡಿಬಿ, 2007ರ ನಂತರದ್ದಾದರೆ .ಎಲ್‌ಎಸಿಸಿಡಿಬಿ. ಒಳಗೆ ಯಾರಿದ್ದಾರೆ ಅನ್ನೋ ಹಾಜರಿ ಪುಸ್ತಕ ಅದು. ಕೊನೆಯವರು ಸರಿಯಾಗಿ ಮುಚ್ಚಿ ಹೊರಬಂದರೆ ತಾನೇ ಅಳಿಯುತ್ತದೆ. ನಡುವೆ ನೆಟ್‌ವರ್ಕ್ ಕಡಿದರೆ, ಹೋದವರೂ ಒಳಗೇ ಇದ್ದಾರೆ ಅಂತ ಮೇನ್ ಕಂಪ್ಯೂಟರ್ ಸ್ವಲ್ಪ ಹೊತ್ತು ನಂಬಿರುತ್ತದೆ.

ಬಂದ್ ಮಾಡಿದರೆ ಎಷ್ಟೋ ಸಲ ಲಾಕ್ ಬಿಡತೈತಿ, ಸುಳ್ಳಲ್ಲ. ಆದರೆ ಒಬ್ಬರ ಸಂಪರ್ಕ ಹೋಗಿ ಇನ್ನಿಬ್ಬರು ಬಿಲ್ ಬರೀತಿದ್ದರೆ? ಬರೆಯುತ್ತಿದ್ದ ಲೆಕ್ಕ ಅರ್ಧಕ್ಕೇ ನಿಲ್ಲುತ್ತದೆ, ಕೆಲವೊಮ್ಮೆ ಇಡೀ ಫೈಲೇ ಕೆಡುತ್ತದೆ. ಸೀರೆ ನೇಯ್ದು ತಂದುಕೊಟ್ಟ ನೇಕಾರನಿಗೆ 'ನಿಂದು ಎಂಟ್ರಿನ ಇಲ್ಲಪಾ' ಅಂತಾರ. ಬೈಗುಳ ಎಂಟ್ರಿ ಮಾಡೋ ಹುಡುಗಿಗೆ. ಮಾರಿದವನ ಎಎಂಸಿ ರೊಕ್ಕ ಮಾತ್ರ ತಪ್ಪೋದಿಲ್ಲ. ಮಗ್ಗದಾಗ ಎಳಿ ಹರಿದರ ನೇಕಾರ ಕೈ ನಿಲ್ಲಿಸಿ ಹರಿದ ಎಳಿ ಹುಡುಕತಾನ, ಹಾಸನ್ನೇ ಕತ್ತರಿಸೋದಿಲ್ಲ. ಅಷ್ಟು ತಾಳ್ಮೆ ಕಂಪ್ಯೂಟರ್ ಕಲಿತವರಿಗೆ ಬ್ಯಾಡೇನು?

ಮಾಡಬೇಕಾದದ್ದು ಇಷ್ಟು. ಎಲ್ಲರೂ ಪ್ರೋಗ್ರಾಂ ಮುಚ್ಚಲಿ. ಮೇನ್ ಕಂಪ್ಯೂಟರಿನಲ್ಲಿ ಕಂಪ್ಯೂಟರ್ ಮ್ಯಾನೇಜ್‌ಮೆಂಟ್ ತೆರೆದು, ಶೇರ್ಡ್ ಫೋಲ್ಡರ್ಸ್ ಒಳಗೆ ಓಪನ್ ಫೈಲ್ಸ್ ನೋಡಿರಿ. ಎಲ್ಲರೂ ಹೊರಬಂದ ಮೇಲೂ ನಿಮ್ಮ ಲೆಕ್ಕದ ಫೈಲಿನ ಮುಂದೆ ಯಾರ ಹೆಸರು ಉಳಿದಿದೆಯೋ ಅದೊಂದನ್ನೇ ಮುಚ್ಚಿರಿ. ಲಾಕ್ ಫೈಲು ಇನ್ನೂ ಇದ್ದರೆ ಅಳಿಸಿರಿ. ಅಳಿಸಲು ಬಿಡದಿದ್ದರೆ ಇನ್ನೂ ಯಾವುದೋ ಕಂಪ್ಯೂಟರ್ ಅದನ್ನು ಹಿಡಿದಿದೆ, ಹುಡುಕಿರಿ. ಮುಖ್ಯ ಫೈಲಿನ ನಕಲು ತೆಗೆದಿಟ್ಟ ಮೇಲೆಯೇ ಕಾಂಪ್ಯಾಕ್ಟ್ ಅಂಡ್ ರಿಪೇರ್. ಆಮೇಲೆ ಕೊನೆಯ ಬಿಲ್ಲುಗಳನ್ನು ಕಾಗದದ ಜೊತೆ ತಾಳೆ ನೋಡಿರಿ.

ಮೂಲ ಬ್ಯಾನಿ ಬೇರೆ ಐತಿ. ಕರೆಂಟ್ ಹೋದಾಗ ಕಂಪ್ಯೂಟರುಗಳು ಯುಪಿಎಸ್ ಮೇಲೆ ನಡೀತಾವ, ಗ್ವಾಡಿ ಮ್ಯಾಲಿನ ರೂಟರ್ ಡಬ್ಬಿ ಆರಿಹೋಗತೈತಿ. ತೆರೆದ ಫೈಲಿನ ನಡುವೆ ನೆಟ್‌ವರ್ಕ್ ಕಡಿಯೋದೇ ಹೀಗೆ. ಆ ಡಬ್ಬಿಯನ್ನೂ ಯುಪಿಎಸ್‌ಗೆ ಹಚ್ಚಿರಿ, ವೈಫೈ ಬಿಟ್ಟು ವೈರ್ ಎಳೆಸಿರಿ. ವ್ಯವಹಾರ ಬೆಳೆದಿದ್ದರೆ ಹಂಚಿಕೊಂಡ ಫೈಲನ್ನೇ ಬಿಡಿರಿ. ಪೋಸ್ಟ್‌ಗ್ರೆಸ್, ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್ ಎರಡೂ ಪುಕ್ಕಟೆ ಸಿಗುತ್ತವೆ. ಅಲ್ಲಿ ಫೈಲಿಗೆ ಕೈ ಹಚ್ಚೋದು ಸರ್ವರ್ ಒಂದೇ; ಸಂಪರ್ಕ ಕಡಿದರೆ ಮುಗಿಯದ ವ್ಯವಹಾರವನ್ನು ಅದೇ ರದ್ದು ಮಾಡುತ್ತದೆ.

ಇನ್ನೊಮ್ಮೆ ಫೋನಿನಾಗ 'ಬಂದ್ ಮಾಡ್ರಿ' ಅಂದರೆ ಕೇಳ್ರಿ: 'ಈಗ ಒಳಗ ಯಾರದಾರ?' ಉತ್ತರ ಬರಲಿಲ್ಲಂದ್ರ ಮುಂದಿನ ವರ್ಷದ ಎಎಂಸಿ ಚೆಕ್ಕಿಗೆ ಸಹಿ ಹಾಕಬ್ಯಾಡ್ರಿ.