ಅಟಿಕಸ್‌ನಂಥ ಅಪ್ಪನಿದ್ದರೆ ಸಾಕೇ?

“ಅಪ್ಪ ಅಂದರೆ ಹಾಗಿರಬೇಕು ನೋಡಿ!” ಹಾರ್ಪರ್ ಲೀ ಬರೆದ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಕಾದಂಬರಿಯ ಮಾತು ಬಂದಲ್ಲೆಲ್ಲ ಈ ಉದ್ಗಾರವೂ ಬಂದೇ ಬರುತ್ತದೆ. ಮಹಿಳಾ ಸಮಾಜದ ಓದುಕೂಟದಲ್ಲಿ ಕೇಳಿದ್ದೇನೆ, ಇಂಗ್ಲಿಷ್ ಕಲಿಸುವ ಮೇಡಂಗಳ ಬಾಯಲ್ಲಿ ಕೇಳಿದ್ದೇನೆ, ಗ್ರೆಗರಿ ಪೆಕ್ ನಟಿಸಿದ 1962ರ ಸಿನಿಮಾವನ್ನಷ್ಟೇ ನೋಡಿ ಪುಸ್ತಕವನ್ನು ಕೈಯಲ್ಲೂ ಮುಟ್ಟದವರಿಂದಲೂ ಕೇಳಿದ್ದೇನೆ. ತಾಯಿಯಿಲ್ಲದ ಎರಡು ಮಕ್ಕಳನ್ನು ಗದರದೆ, ಹೊಡೆಯದೆ, ಸುಳ್ಳು ಹೇಳದೆ ಬೆಳೆಸುವ ವಕೀಲ ಅಟಿಕಸ್ ಫಿಂಚ್. ಊರೆಲ್ಲ ಎದುರು ನಿಂತರೂ ನಿರಪರಾಧಿ ಕರಿಯನೊಬ್ಬನ ಪರವಾಗಿ ವಾದಿಸುವ ಧೀರ. ಇಂಥ ಅಪ್ಪನನ್ನು ಯಾವ ಮಗಳು ತಾನೇ ಬೇಡವೆಂದಾಳು?

ನಾನೂ ಬೇಡವೆನ್ನುವುದಿಲ್ಲ. ನನ್ನ ತಕರಾರಿರುವುದು ಆ ಉದ್ಗಾರದ ಬಗ್ಗೆ. ಅಪ್ಪನ ಗುಣಗಾನ ಮಾಡುತ್ತ ಮಾಡುತ್ತ ನಾವು ಕಾದಂಬರಿಯನ್ನೇ ಕೈಬಿಟ್ಟಿದ್ದೇವೆ. ಒಳ್ಳೆಯ ಅಪ್ಪನೊಬ್ಬನ ದಯೆಯಿದ್ದರೆ ಮಾತ್ರ ಬಡವನ ಮಾತು ಕೋರ್ಟಿನಲ್ಲಿ ಕೇಳಿಸುವಂಥ ಊರು ಅದು. ಕೇಳಿಸಿದರೂ ಪ್ರಯೋಜನವಿಲ್ಲದ ಊರು. ಆ ಊರಿನ ಕಥೆಯನ್ನು ಒಬ್ಬ ಅಪ್ಪನ ಕಥೆಯನ್ನಾಗಿ ಕಿರಿದು ಮಾಡಿಕೊಂಡು, ಕಣ್ಣೊರೆಸಿಕೊಂಡು, ಹಗುರಾಗಿ ಎದ್ದು ಬರುತ್ತೇವಲ್ಲ, ಅದು ನನಗೆ ಸರಿ ಕಾಣುವುದಿಲ್ಲ.

ಓದದವರಿಗಾಗಿ ಕಥೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಕಾದಂಬರಿ ಪ್ರಕಟವಾದದ್ದು 1960ರಲ್ಲಿ. ಮರುವರ್ಷವೇ ಪುಲಿಟ್ಜರ್ ಪ್ರಶಸ್ತಿ ಬಂತು. ಕಥೆ ನಡೆಯುವುದು 1930ರ ದಶಕದಲ್ಲಿ, ಅಮೆರಿಕದ ದಕ್ಷಿಣದಲ್ಲಿರುವ ಅಲಬಾಮಾ ರಾಜ್ಯದ ಮೇಕೋಂಬ್ ಎಂಬ ಕಲ್ಪಿತ ಊರಿನಲ್ಲಿ. ಕಥೆ ಹೇಳುವವಳು ಅಟಿಕಸ್‌ನ ಮಗಳು ಸ್ಕೌಟ್. ಆರಂಭದಲ್ಲಿ ಅವಳಿಗೆ ಆರು ವರ್ಷವೂ ತುಂಬಿಲ್ಲ. ಅಣ್ಣ ಜೆಮ್ ನಾಲ್ಕು ವರ್ಷ ದೊಡ್ಡವನು. ಟಾಮ್ ರಾಬಿನ್ಸನ್ ಎಂಬ ಕರಿಯ ಕೂಲಿಯವನ ಮೇಲೆ ಮೇಯೆಲ್ಲಾ ಯೂಯೆಲ್ ಎಂಬ ಬಿಳಿಯ ಹುಡುಗಿಯನ್ನು ಅತ್ಯಾಚಾರ ಮಾಡಿದನೆಂಬ ಆರೋಪ. ಏಟು ಬಿದ್ದಿರುವುದು ಅವಳ ಮುಖದ ಬಲಭಾಗಕ್ಕೆ. ಟಾಮ್‌ನ ಎಡಗೈಯೋ, ಹುಡುಗನಾಗಿದ್ದಾಗ ಹತ್ತಿಯ ಜಿನ್ನಿಗೆ ಸಿಕ್ಕಿ ನಿರ್ಜೀವವಾಗಿದೆ. ಹುಡುಗಿಯ ಅಪ್ಪ ಬಾಬ್ ಯೂಯೆಲ್ ಎಡಚ. ಇಷ್ಟು ಸಾಕಲ್ಲ? ಸಾಕಾಗುವುದಿಲ್ಲ. ಬಿಳಿಯ ಗಂಡಸರೇ ತುಂಬಿದ ಜ್ಯೂರಿ ಟಾಮ್‌ನನ್ನು ಅಪರಾಧಿ ಎನ್ನುತ್ತದೆ. ಆಮೇಲೆ ಸೆರೆಯಿಂದ ತಪ್ಪಿಸಿಕೊಳ್ಳಲು ಬೇಲಿ ಹತ್ತಿದನೆಂದು ಕಾವಲುಗಾರರು ಅವನ ಮೈಗೆ ಹದಿನೇಳು ಗುಂಡು ಹೊಡೆಯುತ್ತಾರೆ.

ಇದು ಬರೀ ಕಲ್ಪನೆಯೆಂದು ಯಾರೂ ತಿಳಿಯಬಾರದು. 1931ರಲ್ಲಿ ಅದೇ ಅಲಬಾಮಾದ ಸ್ಕಾಟ್ಸ್‌ಬರೋದಲ್ಲಿ ರೈಲಿನಲ್ಲಿ ಹೋಗುತ್ತಿದ್ದ ಒಂಬತ್ತು ಕರಿಯ ಹುಡುಗರ ಮೇಲೆ ಇಂಥದೇ ಆರೋಪ ಬಂತು. ದೂರು ಕೊಟ್ಟ ಇಬ್ಬರಲ್ಲಿ ರೂಬಿ ಬೇಟ್ಸ್ ಎಂಬವಳು 1933ರಲ್ಲಿ ಕೋರ್ಟಿಗೇ ಬಂದು, ಅಂಥದ್ದೇನೂ ನಡೆದಿಲ್ಲ ಎಂದಳು. ಜ್ಯೂರಿ ಆಗಲೂ ಶಿಕ್ಷೆಯನ್ನೇ ಬಯಸಿತು. ಕರಿಯರನ್ನು ಜ್ಯೂರಿಯಿಂದ ಹೊರಗಿಟ್ಟದ್ದು ಸಂವಿಧಾನಕ್ಕೆ ವಿರುದ್ಧವೆಂದು ಅಮೆರಿಕದ ಸುಪ್ರೀಂ ಕೋರ್ಟು ಇದೇ ಮೊಕದ್ದಮೆಯಲ್ಲಿ 1935ರಲ್ಲಿ ಹೇಳಬೇಕಾಯಿತು.

ಜ್ಯೂರಿಯ ಮಾತು ಬಂತಲ್ಲ, ಅಲ್ಲಿಂದಲೇ ನನ್ನ ಜಗಳ ಶುರು. ತೀರ್ಪು ಬಂದ ಮೇಲೆ ಮಕ್ಕಳು ಅಪ್ಪನನ್ನು ಕೇಳುತ್ತಾರೆ, ನಮ್ಮಂಥವರು, ಎದುರು ಮನೆಯ ಮಿಸ್ ಮೌಡಿಯಂಥವರು ಯಾಕೆ ಜ್ಯೂರಿಯಲ್ಲಿ ಕೂರುವುದಿಲ್ಲ ಎಂದು. ಮೌಡಿ ಹೆಂಗಸು, ಅಲಬಾಮಾದಲ್ಲಿ ಹೆಂಗಸರಿಗೆ ಆ ಅವಕಾಶವಿಲ್ಲ ಎನ್ನುತ್ತಾನೆ ಅಟಿಕಸ್. ಸ್ಕೌಟ್‌ಗೆ ರೋಷ ಬರುತ್ತದೆ. ಆಗ ಅಪ್ಪ ಏನು ಮಾಡುತ್ತಾನೆ? ನಗೆಚಾಟಿಕೆ ಮಾಡುತ್ತಾನೆ. ಕೋಮಲೆಯರಾದ ಹೆಂಗಸರನ್ನು ಇಂಥ ಹೊಲಸು ಮೊಕದ್ದಮೆಗಳಿಂದ ಕಾಪಾಡಲು ಈ ಏರ್ಪಾಡಿರಬೇಕು. ಅಲ್ಲದೆ ಅವರು ಬಂದು ಕೂತರೆ ನಡುನಡುವೆ ಪ್ರಶ್ನೆ ಕೇಳಿ ಮೊಕದ್ದಮೆ ಮುಗಿಯಲು ಬಿಡುತ್ತಾರೆಯೇ ಎನ್ನುತ್ತಾನೆ. ಮಕ್ಕಳೂ ನಗುತ್ತಾರೆ. ಓದುವ ನಾವೂ ನಕ್ಕು ಮುಂದಿನ ಪುಟಕ್ಕೆ ಹೋಗುತ್ತೇವೆ.

ನಾನು ಆ ಪುಟದಲ್ಲಿ ನಿಂತುಬಿಟ್ಟೆ. ಅಮೆರಿಕದ ಹೆಂಗಸರಿಗೆ ಮತದಾನದ ಹಕ್ಕು ಬಂದದ್ದು 1920ರಲ್ಲಿ. ಅಲಬಾಮಾದ ಜ್ಯೂರಿಯ ಕುರ್ಚಿ ಅವರಿಗೆ ಸಿಕ್ಕಿದ್ದು, ಫೆಡರಲ್ ನ್ಯಾಯಾಲಯ ಆ ನಿಷೇಧವನ್ನು ಅಸಿಂಧುಗೊಳಿಸಿದ 1966ರ ಮೇಲೆ. ಅಂದರೆ ಈ ಕಾದಂಬರಿ ಅಚ್ಚಾಗಿ ಲಕ್ಷಾಂತರ ಜನ ಓದಿ, ಸಿನಿಮಾವಾಗಿ ಓಡಿದ ಮೇಲೂ ಅದನ್ನು ಬರೆದ ಹೆಣ್ಣುಮಗಳೇ ತನ್ನ ರಾಜ್ಯದ ಜ್ಯೂರಿಯಲ್ಲಿ ಕೂರುವಂತಿರಲಿಲ್ಲ! ಪ್ರಶ್ನೆ ಕೇಳುತ್ತಾರೆಂಬ ಕಾರಣಕ್ಕೆ ಹೆಂಗಸರನ್ನು ಹೊರಗಿಟ್ಟ ಕೋರ್ಟಿನಲ್ಲಿ ಆ ದಿನ ಯಾರಾದರೂ ಒಬ್ಬರು ಪ್ರಶ್ನೆ ಕೇಳಿದ್ದರೆ ಚೆನ್ನಾಗಿರುತ್ತಿತ್ತು. ಮೇಯೆಲ್ಲಾಳ ಬಗ್ಗೆ.

ಅವಳ ಬಗ್ಗೆ ನಮ್ಮ ಓದುಕೂಟಗಳಲ್ಲಿ ಯಾರೂ ಮಾತಾಡುವುದಿಲ್ಲ. ಆಡಿದರೂ ಸುಳ್ಳುಗಾತಿ ಎಂದು ಒಂದೇ ಮಾತಿನಲ್ಲಿ ತಳ್ಳಿಬಿಡುತ್ತಾರೆ. ಸುಳ್ಳುಗಾತಿಯೇ ಹೌದು. ಅವಳ ಸುಳ್ಳಿಗೆ ಒಬ್ಬ ಗಂಡಸಿನ ಪ್ರಾಣ ಹೋಯಿತು, ಮೂರು ಮಕ್ಕಳು ತಬ್ಬಲಿಗಳಾದರು. ಅದಕ್ಕೆ ನಾನು ಸಬೂಬು ಹುಡುಕುತ್ತಿಲ್ಲ. ಆದರೆ ಲೇಖಕಿ ಎಷ್ಟು ಎಚ್ಚರದಿಂದ ಅವಳನ್ನು ನಮ್ಮ ಮುಂದೆ ಇಟ್ಟಿದ್ದಾಳೆ ನೋಡಿ. ಹತ್ತೊಂಬತ್ತು ವರ್ಷ. ತಾಯಿ ಸತ್ತಿದ್ದಾಳೆ, ಸ್ಕೌಟ್‌ಳ ತಾಯಿಯ ಹಾಗೆಯೇ. ಸಾಲಾಗಿ ತಮ್ಮ ತಂಗಿಯರು. ಸರ್ಕಾರ ಕೊಡುವ ಪರಿಹಾರದ ಹಣವನ್ನು ಅಪ್ಪ ಕುಡಿದು ಮುಗಿಸುತ್ತಾನೆ. ಊರ ಕಸ ಸುರಿಯುವ ಜಾಗದ ಬಳಿ ಮನೆ. ಆ ಕೊಳಕು ಅಂಗಳದ ಒಂದು ಮೂಲೆಯಲ್ಲಿ, ಅಂಚು ಸಿಡಿದ ಆರು ಎನಾಮಲ್ ಪಾತ್ರೆಗಳಲ್ಲಿ ಕೆಂಪು ಜೆರೇನಿಯಂ ಗಿಡಗಳು. ಅವು ಮೇಯೆಲ್ಲಾಳವು ಎಂದು ಊರವರು ಹೇಳುತ್ತಾರೆ. ಹಳೇ ಡಬ್ಬ, ಒಡೆದ ಬಕೆಟ್ಟು ಯಾವುದನ್ನೂ ಎಸೆಯದೆ ಗಿಡ ನೆಡುವ ನಮಗೆ ಆ ಆರು ಪಾತ್ರೆಗಳ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಆ ದಿನ ಅವಳು ಮಕ್ಕಳನ್ನೆಲ್ಲ ಐಸ್‌ಕ್ರೀಮ್ ತಿನ್ನಲು ಪೇಟೆಗೆ ಕಳಿಸಿರುತ್ತಾಳೆ. ಅದಕ್ಕೆ ಬೇಕಾದ ಏಳು ನಾಣ್ಯಗಳನ್ನು ಕೂಡಿಡಲು ಅವಳಿಗೆ ಒಂದು ವರ್ಷ ಹಿಡಿದಿತ್ತು. ಒಬ್ಬ ಮನುಷ್ಯನೊಂದಿಗೆ ಒಂದು ಗಳಿಗೆ ಮಾತಾಡುವುದಕ್ಕೆ ಒಂದು ವರ್ಷದ ಉಳಿತಾಯ! ದಾರಿಯಲ್ಲಿ ಹೋಗುವಾಗಲೆಲ್ಲ ಕೂಲಿ ಕೇಳದೆ ಅವಳಿಗೆ ಸೌದೆ ಸೀಳಿಕೊಡುತ್ತಿದ್ದವನು ಟಾಮ್ ಒಬ್ಬನೇ. ಅವಳು ಅವನನ್ನು ಒಳಗೆ ಕರೆದು ಮುತ್ತಿಡುತ್ತಾಳೆ. ಅಪ್ಪ ಕಿಟಕಿಯಲ್ಲಿ ನೋಡುತ್ತಾನೆ. ಹೊಡೆದವನು ಅಪ್ಪ. ಟಾಮ್ ಸಾಕ್ಷಿ ಹೇಳುವಾಗ ಅವಳು ಆಡಿದ ಇನ್ನೊಂದು ಮಾತೂ ಹೊರಬರುತ್ತದೆ: ಅಪ್ಪ ತನ್ನೊಂದಿಗೆ ನಡೆದುಕೊಳ್ಳುವುದು ಲೆಕ್ಕಕ್ಕಿಲ್ಲ ಎಂಬರ್ಥದ ಮಾತು. ಕೋರ್ಟು ಅದನ್ನು ಕೇಳಿಸಿಕೊಂಡೂ ಕೇಳಿಸಿಕೊಳ್ಳುವುದಿಲ್ಲ. ಕರಿಯನೊಬ್ಬ ಬಿಳಿಯ ಹುಡುಗಿಯ ಬಗ್ಗೆ ತನಗೆ ಕನಿಕರವಾಯಿತು ಎಂದಾಗ ಮಾತ್ರ ಕೋರ್ಟು ಮೈಕೊಡವಿ ಏಳುತ್ತದೆ. ಕನಿಕರ ಪಡುವ ಅಧಿಕಾರ ಮೇಲಿನವರದ್ದು ತಾನೇ? ಕೆಳಗಿನವನು ಕನಿಕರಪಟ್ಟನೆಂದರೆ ಅದೇ ಅಪರಾಧ.

ಅಟಿಕಸ್ ಮೇಯೆಲ್ಲಾಳನ್ನು ಪ್ರಶ್ನಿಸುವಾಗ ಬಹುವಚನ ಹಚ್ಚಿ, ಮಿಸ್ ಎಂದು ಕರೆದು ಮಾತಾಡಿಸುತ್ತಾನೆ. ಅವಳು ಅಳುತ್ತಾಳೆ, ಇವನು ನನ್ನನ್ನು ಅಣಕಿಸುತ್ತಿದ್ದಾನೆ ಎಂದು ನ್ಯಾಯಾಧೀಶರಿಗೆ ದೂರುತ್ತಾಳೆ. ಮರ್ಯಾದೆಯ ಮಾತು ಅವಳ ಕಿವಿಗೆ ಬಿದ್ದದ್ದೇ ಇಲ್ಲವಲ್ಲ, ಹೇಗೆ ಗುರುತು ಹಿಡಿಯಬೇಕು! ಅವಳ ಸುಳ್ಳಿನ ಬುಡದಲ್ಲಿರುವುದು ನಮಗೆಲ್ಲ ತಲೆತಲಾಂತರದಿಂದ ಕಲಿಸಿಕೊಟ್ಟ ಪಾಠವೇ: ಮನೆಯ ಮಾನ ಉಳಿಸು, ಅಪ್ಪನ ಹೆಸರಿಗೆ ಮಸಿ ಬಳಿಯಬೇಡ. ಅವಳು ಉಳಿಸಿದಳು. ಬೆಲೆ ತೆತ್ತವನು ಟಾಮ್. ತೀರ್ಪಾದ ರಾತ್ರಿ ಅವಳು ಹೋದದ್ದು ಎಲ್ಲಿಗೆ? ಅದೇ ಮನೆಗೆ, ಅದೇ ಅಪ್ಪನ ಬಳಿಗೆ. ಒಂದೇ ಊರಿನಲ್ಲಿ ತಾಯಿಯಿಲ್ಲದ ಇಬ್ಬರು ಹೆಣ್ಣುಮಕ್ಕಳು, ಇಬ್ಬರು ಅಪ್ಪಂದಿರು. ಹುಟ್ಟಿದ ಮನೆಯ ಅದೃಷ್ಟದ ಮೇಲೆ ಒಬ್ಬಳ ಬದುಕು ಅರಳುತ್ತದೆ, ಇನ್ನೊಬ್ಬಳದು ಕೊಳೆಯುತ್ತದೆ. ಇದನ್ನು ಓದಿ ಅಟಿಕಸ್‌ನಿಗೆ ಜೈಕಾರ ಹಾಕುವುದೆಂದರೆ ಲಾಟರಿ ಹೊಡೆದವಳನ್ನು ನೋಡಿ ಬಡತನ ನೀಗಿತು ಎಂದಂತೆ.

ಅಷ್ಟಕ್ಕೂ ಸ್ಕೌಟ್‌ಳನ್ನು ಬೆಳೆಸಿದವನು ಅಟಿಕಸ್ ಒಬ್ಬನೇ ಅನ್ನುವುದನ್ನೂ ನಾನು ಒಪ್ಪುವುದಿಲ್ಲ. ಅವನು ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಪತ್ರಿಕೆ ಓದುತ್ತಾನೆ, ಎದುರಿಗಿರುವವರ ಜಾಗದಲ್ಲಿ ನಿಂತು ನೋಡು ಎಂದು ಬುದ್ಧಿ ಹೇಳುತ್ತಾನೆ, ಅತ್ಯಾಚಾರ ಎಂದರೇನು ಎಂದು ಎಳೆಯ ಹುಡುಗಿ ಕೇಳಿದಾಗಲೂ ಮುಖ ತಿರುಗಿಸದೆ ಕಾನೂನಿನ ಮಾತಿನಲ್ಲೇ ಉತ್ತರ ಕೊಡುತ್ತಾನೆ. ಇದು ಸಣ್ಣ ಸಂಗತಿಯಲ್ಲ. ಆದರೆ ಬಡವರ ಮನೆಯ ಹುಡುಗ ವಾಲ್ಟರ್ ಊಟಕ್ಕೆ ಬಂದು ತಟ್ಟೆಯ ತುಂಬ ಪಾಕ ಸುರಿದುಕೊಂಡಾಗ ಸ್ಕೌಟ್ ಹಂಗಿಸುತ್ತಾಳಲ್ಲ, ಆಗ ಅವಳನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ, ನಮ್ಮ ಹೊಸಿಲು ತುಳಿದವರು ಯಾರೇ ಆಗಲಿ ಅತಿಥಿಗಳು ಎಂದು ಬೈದು, ಬೆನ್ನಿಗೊಂದು ಕೊಟ್ಟು ಕಳಿಸುವವಳು ಅಡುಗೆಯ ಕ್ಯಾಲ್ಪರ್ನಿಯಾ. ಸ್ಕೌಟ್‌ಗೆ ಅಕ್ಷರ ಬರೆಯಲು ಕಲಿಸಿದವಳೂ ಅವಳೇ. ಶಾಲೆಯಿಲ್ಲದ ಕಡೆ ತನ್ನ ಮಗನಿಗೆ ಬೈಬಲ್ಲನ್ನೂ ಬ್ಲಾಕ್‌ಸ್ಟನ್ನನ ಕಾನೂನು ಗ್ರಂಥವನ್ನೂ ಇಟ್ಟುಕೊಂಡು ಓದು ಕಲಿಸಿದವಳು. ಆ ಮಗ ಊರಿನ ಕಸದ ಗಾಡಿ ಹೊಡೆಯುತ್ತಾನೆ. ಫಿಂಚರ ಮನೆಯಲ್ಲಿ ಒಂದು ಭಾಷೆ, ತನ್ನವರ ಚರ್ಚಿನಲ್ಲಿ ಇನ್ನೊಂದು. ಇವಳಿಗೆ ಬೇರೊಂದು ಬದುಕಿದೆ ಎಂದು ಮಕ್ಕಳಿಗೆ ಹೊಳೆಯುವುದೇ ಅವಳು ಅವರನ್ನು ಆ ಚರ್ಚಿಗೆ ಕರೆದೊಯ್ದ ದಿನ. ಅತ್ತೆ ಅಲೆಕ್ಸಾಂಡ್ರಾ ಅವಳನ್ನು ಕೆಲಸದಿಂದ ಬಿಡಿಸು ಎಂದಾಗ ಅಟಿಕಸ್ ಒಪ್ಪುವುದಿಲ್ಲ, ಅವಳು ಮನೆಯವಳೇ ಎನ್ನುತ್ತಾನೆ. ಒಳ್ಳೆಯದು. ಅವನು ಒಪ್ಪಿದ್ದರೆ? ಇಷ್ಟು ವರ್ಷ ದುಡಿದ ಮನೆಯಲ್ಲಿ ಅವಳ ಜಾಗ ಒಬ್ಬನ ಒಂದು ಮಾತಿನ ಮೇಲೆ ನಿಂತಿತ್ತು.

2015ರಲ್ಲಿ ಹಾರ್ಪರ್ ಲೀಯ ಇನ್ನೊಂದು ಪುಸ್ತಕ ಬಂತು, ‘ಗೋ ಸೆಟ್ ಎ ವಾಚ್‌ಮನ್’. ಬರೆದದ್ದು 1950ರ ದಶಕದಲ್ಲಿ, ಇದಕ್ಕೂ ಮೊದಲು. ಅದರಲ್ಲಿ ಬೆಳೆದ ಮಗಳು ಊರಿಗೆ ಬಂದು, ಬಿಳಿಯರ ಮೇಲುಗೈ ಉಳಿಸಲು ಸೇರಿದ ಸಭೆಯಲ್ಲಿ ತನ್ನ ಅಪ್ಪ ಕೂತಿರುವುದನ್ನು ನೋಡುತ್ತಾಳೆ. ಅಭಿಮಾನಿಗಳು ಎದೆ ಒಡೆದುಕೊಂಡರು. ನನಗೆ ಅಷ್ಟೇನೂ ಆಘಾತವಾಗಲಿಲ್ಲ. ಆ ಅಟಿಕಸ್ ಕ್ಯಾಲ್ಪರ್ನಿಯಾಳ ಮೊಮ್ಮಗನ ಮೊಕದ್ದಮೆ ಹಿಡಿಯುತ್ತಾನೆ. ಯಾಕೆಂದರೆ, ಇಲ್ಲವಾದರೆ ಕರಿಯರ ಸಂಘದ ವಕೀಲರು ಊರಿಗೆ ಬಂದು, ಜ್ಯೂರಿಯಲ್ಲಿ ಕರಿಯರೂ ಇರಲಿ ಎಂದು ಕೇಳಿಯಾರು. ತನ್ನ ಕೈಯಿಂದ ಕೊಟ್ಟರೆ ದಾನ. ಅವರೇ ಬಂದು ಕೇಳಿದರೆ ಉಪಟಳ! ಜೀವ ತೆಗೆಯಲು ಬಂದ ಗುಂಪಿನ ಮುಖಂಡನನ್ನೂ ಮೂಲತಃ ಒಳ್ಳೆಯವನೇ ಎಂದು ಮಕ್ಕಳಿಗೆ ಹೇಳಿಕೊಟ್ಟ, ಹೆಂಗಸರಿಲ್ಲದ ಜ್ಯೂರಿಯ ಬಗ್ಗೆ ನಗೆಯಾಡಿದ ಮೊದಲಿನ ಅಟಿಕಸ್‌ನೊಳಗೆ ಈ ಅಟಿಕಸ್‌ನ ಬೀಜ ಇರಲಿಲ್ಲವೇ? ಮುದುಕಿಯಾದ ಕ್ಯಾಲ್ಪರ್ನಿಯಾಳನ್ನು ನೋಡಲು ಮಗಳು ಹೋದಾಗ, ಎತ್ತಿ ಆಡಿಸಿದ ಆ ಹೆಂಗಸು ಇವಳನ್ನು ಬರೀ ಒಬ್ಬ ಬಿಳಿಯಳನ್ನು ನೋಡುವಂತೆ ನೋಡುತ್ತಾಳೆ. ಆ ಪುಸ್ತಕದಲ್ಲಿ ನನ್ನನ್ನು ಕಲಕಿದ್ದು ಆ ನೋಟ, ಅಪ್ಪನ ಪತನವಲ್ಲ.

ಮೊದಲಿನ ಕಾದಂಬರಿಗೇ ಮರಳಿ ಬರುತ್ತೇನೆ. ಅದರಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಮುಜುಗರ ತರುವ ಪುಟಗಳೆಂದರೆ ಚರ್ಚಿನ ಮಹಿಳಾ ಮಂಡಳಿಯ ಚಹಾಕೂಟ. ಅಲೆಕ್ಸಾಂಡ್ರಾ ಅತ್ತೆಯ ಆತಿಥ್ಯ. ಒಳ್ಳೆಯ ಬಟ್ಟೆ, ಒಳ್ಳೆಯ ತಿಂಡಿ. ಎಲ್ಲೋ ದೂರದ ಆಫ್ರಿಕಾದ ಮ್ರುನಾ ಎಂಬ ಬುಡಕಟ್ಟಿನ ಬಡತನಕ್ಕೆ ಈ ಹೆಂಗಸರ ಕಣ್ಣಲ್ಲಿ ನೀರು ತುಂಬುತ್ತದೆ. ಅದೇ ಉಸಿರಿನಲ್ಲಿ ಮಿಸೆಸ್ ಮೆರಿವೆದರ್ ದೂರುತ್ತಾಳೆ, ಮೊಕದ್ದಮೆ ಮುಗಿದಾಗಿನಿಂದ ನಮ್ಮ ಕೆಲಸದವಳ ಮುಖ ಊದಿಕೊಂಡೇ ಇದೆ, ಹೀಗೇ ಮಾಡಿದರೆ ನಾನು ಇಟ್ಟುಕೊಳ್ಳುವುದಿಲ್ಲ ಎಂದು. ಗೆಳತಿಯರೇ, ಈ ಮಾತನ್ನು ನಾವು ಕೇಳದವರೇ? ನೆರೆ ಪರಿಹಾರಕ್ಕೆ ಸೀರೆ ಕಂಬಳಿ ಒಟ್ಟು ಮಾಡಿ ಫೋಟೋ ತೆಗೆಸಿಕೊಂಡು ಬಂದ ಸಂಜೆಯೇ, ಪಾತ್ರೆ ತೊಳೆಯುವವಳಿಗೆ ಬೇರೆಯೇ ಇಟ್ಟ ಲೋಟದಲ್ಲಿ ಚಹಾ ಬಗ್ಗಿಸುವವರು ನಮ್ಮ ಬೀದಿಗಳಲ್ಲಿ ಇಲ್ಲವೇ? ಆ ಚಹಾಕೂಟ ನಡೆಯುವುದು ಅಟಿಕಸ್‌ನ ಮನೆಯಲ್ಲೇ ಎಂಬುದನ್ನು ಮರೆಯಬೇಡಿ. ಅವನ ಅಂತಃಕರಣ ಕೋರ್ಟಿನ ಮೆಟ್ಟಿಲು ಹತ್ತಿತು. ಅವನದೇ ಹಾಲಿನಲ್ಲಿ ಹೆಂಗಸರು ಬಿಸ್ಕತ್ತಿನ ಜೊತೆ ಜಗಿಯುವ ಮಾತಿನವರೆಗೆ ಅದು ಬರಲಿಲ್ಲ.

ಅದೇ ಹೊತ್ತಿಗೆ ಅವನು ಹಿಂಬಾಗಿಲಿನಿಂದ ಅಡುಗೆಮನೆಗೆ ಬಂದು ಟಾಮ್ ಸತ್ತ ಸುದ್ದಿ ಹೇಳುತ್ತಾನೆ. ಟಾಮ್‌ನ ಹೆಂಡತಿ ಹೆಲೆನ್‌ಗೆ ತಿಳಿಸಲು ಜೊತೆಗೆ ಬಾ ಎಂದು ಕ್ಯಾಲ್ಪರ್ನಿಯಾಳನ್ನು ಕರೆಯುತ್ತಾನೆ. ಅವಳು ಏಪ್ರನ್ ಬಿಚ್ಚುತ್ತಾಳೆ. ಅಲೆಕ್ಸಾಂಡ್ರಾ ಮುಖ ಸರಿಮಾಡಿಕೊಂಡು ಮತ್ತೆ ಹಾಲಿಗೆ ಹೋಗಿ ತಿಂಡಿ ಬಡಿಸುತ್ತಾಳೆ, ಸ್ಕೌಟ್ ತಾನೂ ತಟ್ಟೆ ಹಿಡಿದು ಹಿಂದೆ ಹೋಗುತ್ತಾಳೆ. ವಿಮರ್ಶಕರು ಇದನ್ನು ಹೆಣ್ಣಿನ ಘನತೆ ಎಂದು ಹೊಗಳುತ್ತಾರೆ. ಒಬ್ಬನ ಸಾವಿನ ಸುದ್ದಿಯನ್ನು ಸೆರಗಿನಲ್ಲಿ ಮುಚ್ಚಿಟ್ಟು, ಅವನವರನ್ನು ಹೀಗಳೆಯುತ್ತಿರುವವರಿಗೇ ನಗುತ್ತ ಇನ್ನಷ್ಟು ಬಡಿಸುವುದು ಘನತೆಯಾದರೆ ಆ ಘನತೆ ನನಗೆ ಬೇಡ.

ಹೆಲೆನ್‌ಳ ಅಂಗಳದಲ್ಲಿ ನಡೆದದ್ದನ್ನು ಗೆಳೆಯ ಡಿಲ್ ಆಮೇಲೆ ಸ್ಕೌಟ್‌ಗೆ ಹೇಳುತ್ತಾನೆ. ಅಟಿಕಸ್ ಬಾಯಿ ತೆರೆಯುವ ಮೊದಲೇ ಹೆಲೆನ್‌ಗೆ ಗೊತ್ತಾಗಿಬಿಡುತ್ತದೆ, ನಿಂತಲ್ಲೇ ಕುಸಿಯುತ್ತಾಳೆ. ಅದಕ್ಕೂ ಸ್ವಲ್ಪ ಮುಂಚೆ ಗುಡಿಸಲಿನ ಬಾಗಿಲಿಗೆ ಒಂದು ಪುಟ್ಟ ಹುಡುಗಿ ಬಂದು ಅಟಿಕಸ್‌ನನ್ನೇ ನೋಡುತ್ತ ನಿಂತಿರುತ್ತಾಳೆ, ತಲೆತುಂಬ ಸಣ್ಣ ಸಣ್ಣ ಬಿಗಿ ಜಡೆಗಳು. ಅವನು ಹ್ಯಾಟು ತೆಗೆದು ಬೆರಳು ಚಾಚುತ್ತಾನೆ. ಅವಳು ಹಿಡಿದುಕೊಳ್ಳುತ್ತಾಳೆ. ಮೆಟ್ಟಿಲಿಳಿಸಿ ಕ್ಯಾಲ್ಪರ್ನಿಯಾಳ ಕೈಗೆ ಕೊಡುತ್ತಾನೆ. ಆ ಮಗುವಿಗೆ ಕಾದಂಬರಿಯಲ್ಲಿ ಹೆಸರಿಲ್ಲ.