ಬೆರಕೆ ಯಾವುದು, ಅಸಲು ಯಾವುದು?

ಹಾಲಿಹಿಲ್ ಎಂಬುದು ಐರ್ಲೆಂಡಿನ ಕಾರ್ಕ್ ನಗರದ ಉತ್ತರದ ಏರಿನಲ್ಲಿರುವ ಬಡಾವಣೆ. 1980ರಲ್ಲಿ ಆಪಲ್ ಕಂಪನಿ ಇಲ್ಲಿ ಕಾರ್ಖಾನೆ ತೆರೆಯಿತು. ಆ ಬಳಿಕದ ದಶಕಗಳಲ್ಲಿ ದುಡಿಮೆ ಹುಡುಕಿಕೊಂಡು ಬಂದವರಲ್ಲಿ ಕನ್ನಡಿಗರೂ ಇದ್ದೇವೆ. ಕಳೆದ ನವೆಂಬರಿನಲ್ಲಿ ಇಲ್ಲಿನ ಸಭಾಂಗಣವೊಂದರಲ್ಲಿ ರಾಜ್ಯೋತ್ಸವ ನಡೆಯಿತು. ಮಕ್ಕಳ ಕವಿತಾವಾಚನಕ್ಕೆ ಹೆಸರು ಕೊಡುವ ಅರ್ಜಿಯಲ್ಲಿ ‘ತಂದೆಯ ಸ್ವಂತ ಊರು’ ಎಂಬ ಒಂದು ಅಂಕಣ. ಅದರಲ್ಲಿ ಎರಡೇ ಆಯ್ಕೆ, ‘ಕರ್ನಾಟಕ’ ಮತ್ತು ‘ಇತರೆ’. ಬಹುಮಾನ ಮೊದಲನೆಯವರಿಗೆ. ‘ಇತರೆ’ಯವರಿಗೆ ಭಾಗವಹಿಸಿದ್ದಕ್ಕೊಂದು ಪ್ರಮಾಣಪತ್ರ.

ಅಂದು ಎಲ್ಲರಿಗಿಂತ ಚೆನ್ನಾಗಿ ಓದಿದವಳು ಎಂಟು ವರ್ಷದ ಒಬ್ಬ ಹುಡುಗಿ. ತಾಯಿ ಧಾರವಾಡದವರು, ತಂದೆ ಇದೇ ಕಾರ್ಕಿನವರು. ಪ್ರಮಾಣಪತ್ರ ಹಿಡಿದು ಕೆಳಗಿಳಿದವಳನ್ನು ನೋಡಿ ನನ್ನ ಪಕ್ಕದಲ್ಲಿದ್ದ ಹಿರಿಯರೊಬ್ಬರು ಮೆಚ್ಚುಗೆಯಿಂದಲೇ ಹೇಳಿದರು: “ಪಾಪ, ಬೆರಕೆ ಕೂಸಾದ್ರೂ ಎಷ್ಟು ಚೆಂದ ಮಾತಾಡುತ್ತೆ ನೋಡಿ.” ನಾನು ಆಕ್ಷೇಪಿಸಿದಾಗ ಬಂದ ಉತ್ತರ: “ಅದರಲ್ಲಿ ತಪ್ಪೇನು? ಬೈದೆವಾ? ಇರೋದನ್ನ ಹೇಳಿದ್ವಿ.”

ಇರುವುದನ್ನೇ ಹೇಳಿದ್ದು ನಿಜವೇ? ನಮ್ಮ ಮನೆಗಳಲ್ಲಿ ಬೆರಕೆ ಎಂಬ ಮಾತು ಬಳಕೆಯಾಗುವುದು ಯಾವುದಕ್ಕೆ? ನೀರು ಹಾಕಿದ ಹಾಲು ಕಲಬೆರಕೆ, ಡಾಲ್ಡಾ ಸೇರಿಸಿದ ತುಪ್ಪ ಕಲಬೆರಕೆ. ಅಲ್ಲೆಲ್ಲ ಒಂದು ಅಸಲು ವಸ್ತುವಿರುತ್ತದೆ, ಅದನ್ನು ಕೆಡಿಸಿದ ಇನ್ನೊಂದಿರುತ್ತದೆ. ಈ ಮಗುವಿನಲ್ಲಿ ಕೆಡಿಸಿದ್ದು ಯಾವುದು, ತಾಯಿಯೋ ತಂದೆಯೋ? ಬಾಯಿಬಿಟ್ಟು ಹೇಳುವ ಧೈರ್ಯ ಯಾರಿಗೂ ಇಲ್ಲ. ಆದರೆ ಅರ್ಜಿಯ ಅಂಕಣ ಹೇಳಿಬಿಟ್ಟಿದೆ.

ಈ ಅಂಕಣವನ್ನು ಅಚ್ಚುಮಾಡಿದವರು ಮನುವನ್ನು ಓದಿದವರಲ್ಲ. ಓದಬೇಕಾದ ಅಗತ್ಯವೂ ಅವರಿಗಿಲ್ಲ. ಮನುಸ್ಮೃತಿಯ ಹತ್ತನೆಯ ಅಧ್ಯಾಯ ತಂದೆ ಯಾರು, ತಾಯಿ ಯಾರು ಎಂದು ಲೆಕ್ಕ ಹಾಕಿ ಸಂಕರ ಜಾತಿಗಳ ಹೆಸರುಗಳನ್ನು ಪಟ್ಟಿ ಮಾಡುತ್ತದೆ. ಬ್ರಾಹ್ಮಣ ತಾಯಿಗೆ ಶೂದ್ರ ತಂದೆಯಿಂದ ಹುಟ್ಟಿದ ಮಗುವನ್ನು ಚಂಡಾಲನೆಂದು ಕರೆದು ಎಲ್ಲರಿಗಿಂತ ಕೆಳಗೆ ಕೂರಿಸುತ್ತದೆ. ಅಲ್ಲಿ ಹೆಸರಿಡುವುದೆಂದರೆ ಜಾಗ ಗೊತ್ತುಮಾಡುವುದು. ಹೆಣ್ಣಿನ ಆಯ್ಕೆಗೆ ಅವಳ ಮಗುವಿನ ಮೇಲೆ ಹೇರುವ ದಂಡವೂ ಅದೇ. ಕಲ್ಯಾಣದ ಕಥೆ ಹೇಳಿ ಎದೆಯುಬ್ಬಿಸುವ ನಾವು, ಮಧುವರಸ–ಹರಳಯ್ಯರ ಮಕ್ಕಳ ಮದುವೆಯನ್ನು ವೇದಿಕೆಯ ಮೇಲೆ ಕೊಂಡಾಡಿ ಕೆಳಗಿಳಿದು ಊಟದ ಸಾಲಿನಲ್ಲಿ ‘ಬೆರಕೆ’ ಎನ್ನುತ್ತೇವೆ.

ಇದು ನಮ್ಮೊಬ್ಬರ ರೋಗವಲ್ಲ. ಕೆನಡಾದ ಬಯಲುಸೀಮೆಯಲ್ಲಿ ಫ್ರೆಂಚ್ ತುಪ್ಪಳ ವ್ಯಾಪಾರಿಗಳಿಗೂ ಕ್ರೀ, ಒಜಿಬ್ವೆ ಮೊದಲಾದ ಮೂಲನಿವಾಸಿ ಹೆಂಗಸರಿಗೂ ಹುಟ್ಟಿದವರನ್ನು ಇಂಗ್ಲಿಷ್ ಸರಕಾರ ತನ್ನ ಕಡತಗಳಲ್ಲಿ ‘ಹಾಫ್‌ಬ್ರೀಡ್’ ಎಂದು ಬರೆದುಕೊಂಡಿತು. ದನದ ಸಂತೆಯ ಮಾತು. ಫ್ರೆಂಚರು ಅವರನ್ನು ‘ಬ್ವಾ ಬ್ರ್ಯೂಲೆ’, ಅಂದರೆ ಸುಟ್ಟ ಕಟ್ಟಿಗೆ, ಎಂದೂ ಕರೆದರು. ಮಿಶ್ರ ಎಂಬ ಅರ್ಥದ ಮೆಟೀ ಎಂಬ ಫ್ರೆಂಚ್ ಪದ ಅವರ ಆಡುನುಡಿಯಲ್ಲಿ ಮಿಚಿಫ್ ಆಯಿತು. ಹಾಗೆಂದರೆ ಜನವೂ ಹೌದು, ಭಾಷೆಯೂ ಹೌದು. ಆ ಭಾಷೆಯ ಕ್ರಿಯಾಪದಗಳು ಬಹುಮಟ್ಟಿಗೆ ಕ್ರೀ, ನಾಮಪದಗಳು ಬಹುಮಟ್ಟಿಗೆ ಫ್ರೆಂಚ್. ಅದನ್ನು ಯಾರು ಕಲಬೆರಕೆಯೆಂದರೂ ಅದಕ್ಕೊಂದು ವ್ಯಾಕರಣವಿದೆ. ಕ್ರೀ ಭಾಷೆಯಲ್ಲಿ ಅವರಿಗಿರುವ ಹೆಸರು ‘ಒತಿಪೆಮಿಸಿವಾಕ್’, ತಮಗೆ ತಾವೇ ಒಡೆಯರಾದವರು. ಅವರ ನಾಯಕ ಲೂಯಿ ರಿಯೆಲ್‌ನನ್ನು 1885ರಲ್ಲಿ ಸರಕಾರ ಗಲ್ಲಿಗೇರಿಸಿತು. ಅದೇ ದೇಶದ ಸಂವಿಧಾನ 1982ರಲ್ಲಿ ಮೆಟೀ ಜನರನ್ನು ಮೂಲನಿವಾಸಿಗಳಲ್ಲಿ ಒಬ್ಬರೆಂದು ಮಾನ್ಯ ಮಾಡಬೇಕಾಯಿತು. ನಡುವೆ ಸುಮಾರು ನೂರು ವರ್ಷಗಳ ಹೋರಾಟವಿದೆ.

ಅಷ್ಟು ದೂರವೇಕೆ? ಹಾಲಿಹಿಲ್‌ಗೆ ಬರುವ ಮುನ್ನ ನಮ್ಮಲ್ಲಿ ಅನೇಕರು ದಿನವೂ ಬಸ್ಸು ಹಿಡಿದು ಹೋಗುತ್ತಿದ್ದ ವೈಟ್‌ಫೀಲ್ಡ್ ಹುಟ್ಟಿದ್ದೇ ಇಂಥವರಿಗಾಗಿ. ಮೈಸೂರಿನ ಚಾಮರಾಜ ಒಡೆಯರು ಕೊಟ್ಟ ಜಮೀನಿನಲ್ಲಿ 1882ರಲ್ಲಿ ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘ ಅಲ್ಲಿ ನೆಲೆ ಕಟ್ಟಿತು. ಸಂಘದ ವೈಟ್ ಎಂಬವರ ಹೆಸರೇ ಊರಿಗೂ ಬಂತು. ಬಿಳಿಯರ ಕ್ಲಬ್ಬಿನಲ್ಲಿ ಅವರನ್ನು ‘ಚೀ-ಚೀ’ ಎಂದು ಹಂಗಿಸುತ್ತಿದ್ದರು. ‘ಯುರೇಷಿಯನ್’ ಎಂಬುದರಲ್ಲೂ ತಾತ್ಸಾರ ಅಂಟಿಕೊಂಡಿತು. ಆಂಗ್ಲೋ-ಇಂಡಿಯನ್ ಎಂಬ ಹೆಸರು ಅಧಿಕೃತವಾಗಿ ಅವರದಾದದ್ದು 1911ರಲ್ಲಿ. ನಮ್ಮ ಸಂವಿಧಾನ 366ನೆಯ ವಿಧಿಯಲ್ಲಿ ಅವರನ್ನು ಗೌರವದಿಂದಲೇ ಹೆಸರಿಸಿತು, ಆದರೆ ಗಂಡಿನ ಪೀಳಿಗೆಯಲ್ಲಿ ಯುರೋಪಿನ ಮೂಲವಿರಬೇಕೆಂಬ ನಿಬಂಧನೆಯೊಂದಿಗೆ. ತಾಯಿಯ ಕಡೆಯದು ಲೆಕ್ಕಕ್ಕಿಲ್ಲ! ಈ ಒಂದು ವಿಷಯದಲ್ಲಿ ಸಂವಿಧಾನಕ್ಕೂ ನಮ್ಮ ರಾಜ್ಯೋತ್ಸವದ ಅರ್ಜಿಗೂ ಹೊಂದಾಣಿಕೆಯಿದೆ ಎಂದು ಬರೆಯಲು ಸಂಕೋಚವಾಗುತ್ತದೆ.

ನಾವು ಬಂದು ನಿಂತಿರುವ ನೆಲವೂ ಇದನ್ನು ಕಂಡದ್ದೇ. 1366ರ ಕಿಲ್ಕೆನ್ನಿ ಶಾಸನಗಳು ಇಲ್ಲಿನ ಇಂಗ್ಲಿಷರು ಐರಿಷರನ್ನು ಮದುವೆಯಾಗುವುದನ್ನು, ಅವರ ಭಾಷೆಯಾಡುವುದನ್ನು ನಿಷೇಧಿಸಿದವು. ಬೆರೆತುಹೋದವರನ್ನು ಮುಂದೆ ಇಂಗ್ಲಿಷರು ‘ಡಿಜನರೇಟ್’ ಎಂದರು. ಲ್ಯಾಟಿನ್ ಮೂಲ ಹಿಡಿದು ಅನುವಾದಿಸಿದರೆ ಕನ್ನಡದಲ್ಲಿ ಅದಕ್ಕೆ ಸಿದ್ಧವಾದ ಮಾತಿದೆ: ಕುಲಗೆಟ್ಟವರು.

ಇನ್ನು ನಮ್ಮ ಎರಡು ನಾಲಿಗೆಯ ವಿಚಾರ. 2017ರಲ್ಲಿ ಲಿಯೋ ವರಾಡ್ಕರ್ ಈ ದೇಶದ ಪ್ರಧಾನಿಯಾದಾಗ ವಾಟ್ಸಾಪ್ ಗುಂಪುಗಳಲ್ಲಿ ನಾವು ಹಂಚಿದ ಸಿಹಿ ಎಷ್ಟು! ತಂದೆ ಮುಂಬೈಯ ವೈದ್ಯರು, ತಾಯಿ ವಾಟರ್‌ಫರ್ಡ್ ಕಡೆಯ ಐರಿಷ್ ದಾದಿ. ಆತನನ್ನು ಬೆರಕೆಯೆಂದು ನಮ್ಮಲ್ಲಿ ಯಾರೂ ಕರೆದದ್ದನ್ನು ನಾನು ಕೇಳಲಿಲ್ಲ. ‘ನಮ್ಮವ’ ಎಂದೆವು. ಕುರ್ಚಿ ಸಿಕ್ಕರೆ ನಮ್ಮವ, ಕವಿತೆ ಓದಿದರೆ ಇತರೆ. ಆತನ ಭಾರತೀಯ ಮೂಲ ತಂದೆಯ ಕಡೆಯದಾದ್ದರಿಂದ ಅಂಕಣ ತುಂಬುವುದೂ ಸುಲಭವಾಯಿತೆಂದು ಕಾಣುತ್ತದೆ.

ಶುದ್ಧ ಕನ್ನಡಿಗರ ಮನೆಯೆನಿಸಿಕೊಂಡ ನನ್ನ ಮನೆಯಲ್ಲಿ ಮಗ ಉತ್ತರ ಕೊಡುವುದು ಇಂಗ್ಲಿಷಿನಲ್ಲಿ. ಅಂದು ಆ ಹುಡುಗಿಯ ತಾಯಿ ಬೇಸರದಿಂದ ಕೋಟು ತೊಡಿಸುತ್ತಿದ್ದಾಗ ಅವಳು ಅಮ್ಮನನ್ನೇ ಸಮಾಧಾನಪಡಿಸಿದಳು: “ಗ್ರ್ಯಾಂಡ್ ಐತಿ ಬಿಡವಾ.” ಕಾರ್ಕಿನ ‘ಗ್ರ್ಯಾಂಡ್’, ಧಾರವಾಡದ ‘ಐತಿ’. ಅಂದು ಆ ಸಭಾಂಗಣದಲ್ಲಿ ನಾನು ಕೇಳಿದ ಅತ್ಯಂತ ಜೀವಂತ ಕನ್ನಡ ವಾಕ್ಯ ಅದು.

ಈ ವರ್ಷದ ಅರ್ಜಿ ಬಂದಿದೆ. ಅಂಕಣ ಹಾಗೆಯೇ ಇದೆ. ಅದನ್ನು ತೆಗೆಯಿರಿ ಎಂದು ಸಂಘಟಕರಿಗೆ ಬರೆದೆ. ‘ಮುಂದಿನ ಸಭೆಯಲ್ಲಿ ನೋಡೋಣ’ ಎಂದಿದ್ದಾರೆ. ನೋಡುವವರೆಗೆ ಕಾಯಲಾಗದೆ, ನನ್ನ ಮಗನ ಅರ್ಜಿಯಲ್ಲಿ ‘ಇತರೆ’ ಎಂಬಲ್ಲಿ ಗುರುತು ಹಾಕಿ ಕಳಿಸಿದ್ದೇನೆ. ಇನ್ನೂ ಮೂರು ಮನೆಯವರು ಹಾಗೆಯೇ ಮಾಡಿದ್ದಾರೆ.